ಕಾರಿನ ಪೆಟ್ರೋಲು ಎಲ್ಲಿ ಹೋಯಿತು?

ಮಗುವಿಗೆ ಜ್ವರ ಬಂದರೆ ವೈದ್ಯರ ಬಳಿಗೆ ಕರೆದೊಯ್ಯುತ್ತೇವೆ. ತಿಳಿದ ವೈದ್ಯರು ಮೈಬಿಸಿಯನ್ನು ತಗ್ಗಿಸುವ ಔಷಧವನ್ನು ಕೊಟ್ಟು ಸುಮ್ಮನೆ ಕಳುಹಿಸುವುದಿಲ್ಲ. ಜ್ವರ ಎಂದಿನಿಂದ ಇದೆ, ಎಷ್ಟು ಡಿಗ್ರಿ ಇದೆ, ಗಂಟಲು ನೋವುಂಟೆ, ಹೊಟ್ಟೆ ನೋವುಂಟೆ ಎಂದು ಒಂದೊಂದಾಗಿ ವಿಚಾರಿಸುತ್ತಾರೆ. ಏಕೆಂದರೆ ಜ್ವರವು ತಾನೇ ರೋಗವಲ್ಲ, ಒಳಗಿರುವ ಯಾವುದೋ ರೋಗದ ಸೂಚನೆ. ಕಾರಿನ ವಿಷಯದಲ್ಲಿಯೂ ಹೀಗೆಯೇ. ನಿನ್ನೆಯವರೆಗೆ ಒಂದು ಲೀಟರು ಪೆಟ್ರೋಲಿಗೆ ಇಷ್ಟು ಕಿಲೋಮೀಟರ್ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಅದಕ್ಕಿಂತ ಕಡಿಮೆ ಓಡತೊಡಗಿದರೆ, ಅದು ಕಾರಿಗೆ ಬಂದ ಜ್ವರ. ಅದರ ಮೂಲವನ್ನು ಹುಡುಕುವ ಕ್ರಮವೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹಾಸನದಲ್ಲಿರುವ ನಮ್ಮ ಮಿತ್ರರೊಬ್ಬರು ಶಾಲಾ ಅಧ್ಯಾಪಕರು. ಇಪ್ಪತ್ತು ಕಿಲೋಮೀಟರ್ ದೂರದ ಊರಿನ ಶಾಲೆಗೆ ಅವರು ತಮ್ಮ ಸಣ್ಣ ಪೆಟ್ರೋಲ್ ಕಾರಿನಲ್ಲಿ ಹೋಗಿ ಬರುತ್ತಾರೆ. ಲೀಟರಿಗೆ 16 ಕಿಲೋಮೀಟರ್ ಓಡುತ್ತಿದ್ದ ಆ ಕಾರು ಒಂದು ತಿಂಗಳು 13 ಕಿಲೋಮೀಟರಿಗೆ ಇಳಿಯಿತು. ದಿನಕ್ಕೆ 40 ಕಿಲೋಮೀಟರ್ ಎಂದರೆ, ಮೊದಲು ಎರಡೂವರೆ ಲೀಟರು ಸಾಕಾಗುತ್ತಿದ್ದಲ್ಲಿ ಈಗ ಮೂರು ಲೀಟರಿಗೂ ಮಿಕ್ಕಿ ಬೇಕಾಯಿತು. ತಿಂಗಳಿಗೆ ಇಪ್ಪತ್ತೈದು ದಿನ ಓಡಿಸಿದರೆ ಹದಿನಾಲ್ಕು ಲೀಟರಿಗೂ ಹೆಚ್ಚು ನಷ್ಟ. ಅವರು ಮೊದಲು ಬಂಕಿನವರ ಮೇಲೆ ಸಂಶಯಪಟ್ಟು ಬೇರೆ ಬಂಕಿಗೆ ಹೋದರು. ಪ್ರಯೋಜನವಾಗಲಿಲ್ಲ. ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಗಾಳಿ ಸೋಸುವ ಫಿಲ್ಟರನ್ನೂ ಬದಲಾಯಿಸಿದರು. ಆಗಲೂ ಪ್ರಯೋಜನವಾಗಲಿಲ್ಲ. ಮರುವಾರ ಮನೆಯವರೆಲ್ಲರೂ ಅದೇ ಕಾರಿನಲ್ಲಿ ಸಕಲೇಶಪುರವನ್ನು ದಾಟಿ, ಶಿರಾಡಿ ಘಾಟಿಯನ್ನು ಇಳಿದು ಮಂಗಳೂರಿಗೆ ಮದುವೆಗೆ ಹೋಗುವುದಿತ್ತು. ಪ್ರಯಾಣಕ್ಕೆ ಖರ್ಚು ಎಷ್ಟಾದೀತೆಂದು ಲೆಕ್ಕ ಹಾಕುತ್ತ ಅವರು ನಮ್ಮೊಡನೆ ಈ ಮಾತನ್ನು ಎತ್ತಿದರು. ಖರ್ಚಿಗಿಂತ ದೊಡ್ಡ ವಿಷಯವೊಂದು ಅದರಲ್ಲಿ ಅಡಗಿತ್ತೆಂಬುದು ಆಗ ನಮಗೂ ತಿಳಿದಿರಲಿಲ್ಲ.

ಮೊದಲು ಅಳತೆ

ಮೊದಲನೆಯ ಪ್ರಶ್ನೆ ಇದು: ಇಂಧನದ ಖರ್ಚು ನಿಜವಾಗಿಯೂ ಹೆಚ್ಚಿದೆಯೆ? ಐನೂರು ರೂಪಾಯಿಗೆ ಪೆಟ್ರೋಲು ಹಾಕಿಸಿ, ಸೂಚಿಯ ಮುಳ್ಳು ಕೆಳಗೆ ಬಂದಾಗ ಎಷ್ಟು ದೂರ ಓಡಿತೆಂದು ನೋಡುವುದು ಅಳತೆಯಲ್ಲ, ಊಹೆ. ಸರಿಯಾದ ಕ್ರಮ ಹೀಗಿದೆ. ಟ್ಯಾಂಕನ್ನು ತುಂಬಿಸಿ, ಬಂಕಿನ ನಳಿಕೆ ತಾನಾಗಿ ನಿಂತ ಕೂಡಲೆ ನಿಲ್ಲಿಸಬೇಕು. ಆಗ ಕಾರು ಓಡಿರುವ ಒಟ್ಟು ಕಿಲೋಮೀಟರನ್ನು ಬರೆದುಕೊಳ್ಳಬೇಕು. ಟ್ಯಾಂಕು ಬಹುಮಟ್ಟಿಗೆ ಖಾಲಿಯಾದ ಮೇಲೆ ಅದೇ ಬಂಕಿನ ಅದೇ ಯಂತ್ರದಲ್ಲಿ ಮತ್ತೆ ಅದೇ ರೀತಿಯಲ್ಲಿ ತುಂಬಿಸಬೇಕು. ಎರಡನೆಯ ಸಲ ಹಿಡಿದ ಪೆಟ್ರೋಲು ಈ ನಡುವೆ ಉರಿದುಹೋದ ಪೆಟ್ರೋಲಿಗೆ ಸಮ.

ಟ್ಯಾಂಕು ಖಾಲಿಯಾಗುವವರೆಗೆ ಏಕೆ ಕಾಯಬೇಕು? ನಳಿಕೆಯು ನಿಲ್ಲುವ ಮಟ್ಟದಲ್ಲಿ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಒಂದು ಲೀಟರಿನಷ್ಟು ವ್ಯತ್ಯಾಸವಾಯಿತೆಂದು ಇಟ್ಟುಕೊಳ್ಳೋಣ. ನಾವು ಅಳೆದುದು ಐದೇ ಲೀಟರಾದರೆ ಆ ತಪ್ಪು ಶೇಕಡಾ 20 ಆಗುತ್ತದೆ. ಅಂದರೆ 16 ಕಿಲೋಮೀಟರ್ ಓಡುವ ಕಾರು ಯಾವ ದೋಷವೂ ಇಲ್ಲದೆ 13ರ ಹತ್ತಿರ ತೋರಬಹುದು. ಅಳೆದುದು 25 ಲೀಟರಾದರೆ ಅದೇ ತಪ್ಪು ಶೇಕಡಾ 4ಕ್ಕೆ ಇಳಿಯುತ್ತದೆ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಲೋಲಕದ ಒಂದು ಆಂದೋಲನದ ಬದಲು ಇಪ್ಪತ್ತು ಆಂದೋಲನಗಳ ಕಾಲವನ್ನು ಎಣಿಸುವುದು ಇದೇ ಕಾರಣಕ್ಕೆ.

ಬಂಕಿನ ಅಳತೆಯ ಮೇಲೆಯೇ ಸಂಶಯವಿದ್ದರೆ ಅದಕ್ಕೂ ದಾರಿಯುಂಟು. ಪ್ರತಿಯೊಂದು ಬಂಕಿನಲ್ಲಿಯೂ ಸರಕಾರದ ಮುದ್ರೆ ಹೊಡೆದ 5 ಲೀಟರಿನ ಅಳತೆಯ ಪಾತ್ರೆ ಇರಬೇಕು. ಗ್ರಾಹಕನು ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು.

ಮಿತ್ರರು ಎರಡು ಸಲ ಟ್ಯಾಂಕು ತುಂಬಿಸಿ ಬರೆದಿಟ್ಟಿದ್ದ ಲೆಕ್ಕವನ್ನು ನಾವು ನೋಡಿದೆವು. ದಾರಿ ಮೊದಲಿನದೇ, ವೇಗ ಮೊದಲಿನದೇ, ಹವೆಯೂ ಬದಲಾಗಿರಲಿಲ್ಲ. ಲೀಟರಿಗೆ 13 ಎಂಬುದು ನಿಜವಾದ ಸಂಖ್ಯೆಯೇ ಆಗಿತ್ತು.

“ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರಲ್ಲ, ಅದರಿಂದ ಹೀಗಾಗಿರಬಹುದೆ?” ಎಂದು ಅವರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಅದಕ್ಕೆ ಮೊದಲು ಶೇಕಡಾ 10ರ ಮಿಶ್ರಣ ಬಳಕೆಯಲ್ಲಿತ್ತು. ಒಂದು ಲೀಟರು ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯುಂಟು, ಎಥನಾಲಿನಲ್ಲಿ ಸುಮಾರು 21. ಆದುದರಿಂದ ಶೇಕಡಾ 10ರ ಮಿಶ್ರಣದಲ್ಲಿ ಲೀಟರಿಗೆ 31 ಮೆಗಾಜೂಲಿನಷ್ಟು, ಶೇಕಡಾ 20ರ ಮಿಶ್ರಣದಲ್ಲಿ 30ರಷ್ಟು ಶಕ್ತಿ ಇರುತ್ತದೆ. ಇಳಿಕೆಯು ಶೇಕಡಾ 4ಕ್ಕೆ ಮೀರುವುದಿಲ್ಲ. ಶಕ್ತಿಯ ಲೆಕ್ಕದಂತೆ ಇದರಿಂದ 16 ಕಿಲೋಮೀಟರ್ ಹದಿನೈದೂವರೆಯ ಹತ್ತಿರಕ್ಕೆ ಬರಬಹುದು, ಅಷ್ಟೆ. ಹದಿಮೂರಕ್ಕೆ ಇಳಿದುದಕ್ಕೆ ಬೇರೆ ಕಾರಣವನ್ನೇ ಹುಡುಕಬೇಕು.

ಶಕ್ತಿಯ ಜಮಾಖರ್ಚು

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು. ಅದು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತದೆ ಎಂಬ ನಿಯಮವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಈ ನಿಯಮವು ಪಠ್ಯಪುಸ್ತಕದಲ್ಲಿ ಇರುವಂತೆಯೇ ಗ್ಯಾರೇಜಿನಲ್ಲಿಯೂ ಇದೆ. ಲೀಟರಿಗೆ 30 ಮೆಗಾಜೂಲ್ ಎಂದು ಇಟ್ಟುಕೊಂಡರೆ, 16 ಕಿಲೋಮೀಟರ್ ಓಡುವ ಕಾರು ಪ್ರತಿ ಕಿಲೋಮೀಟರಿಗೆ 1.88 ಮೆಗಾಜೂಲನ್ನು ತಿನ್ನುತ್ತದೆ. ಹದಿಮೂರು ಓಡುವ ಕಾರು 2.31 ಮೆಗಾಜೂಲನ್ನು ತಿನ್ನುತ್ತದೆ. ಉಳಿದ 0.43 ಮೆಗಾಜೂಲ್ ಎಲ್ಲಿಯಾದರೂ ಹೋಗಿರಲೇಬೇಕು. ಮಾಯವಾಗಲು ಅದಕ್ಕೆ ಅವಕಾಶವಿಲ್ಲ.

ಪೆಟ್ರೋಲ್ ಎಂಜಿನು ಇಂಧನದ ಶಕ್ತಿಯ ಸುಮಾರು ನಾಲ್ಕನೆಯ ಒಂದು ಪಾಲನ್ನು ಮಾತ್ರ ಗಾಲಿಗಳಿಗೆ ತಲುಪಿಸುತ್ತದೆ. ಉಳಿದುದು ಹೊಗೆಯ ಕೊಳವೆಯಿಂದಲೂ ರೇಡಿಯೇಟರಿನಿಂದಲೂ ಶಾಖವಾಗಿ ಹೊರಗೆ ಹೋಗುತ್ತದೆ. ಆದುದರಿಂದ ಹೆಚ್ಚಿನ ಖರ್ಚಿಗೆ ಎರಡೇ ಬಾಗಿಲುಗಳಿವೆ. ಒಂದು, ಎಂಜಿನು ಮೊದಲಿನಷ್ಟು ದಕ್ಷವಾಗಿ ಕೆಲಸ ಮಾಡುತ್ತಿಲ್ಲ. ಎರಡು, ಎಂಜಿನು ಸರಿಯಾಗಿಯೇ ಇದೆ, ಆದರೆ ಗಾಲಿಗಳು ಮೊದಲಿಗಿಂತ ಹೆಚ್ಚು ಕೆಲಸವನ್ನು ಬೇಡುತ್ತಿವೆ. ಪೆಟ್ರೋಲು ಉರಿಯುವುದು ಎಂಜಿನಿನಲ್ಲಿ ಎಂಬ ಕಾರಣದಿಂದ ಜನರು ಸಾಮಾನ್ಯವಾಗಿ ಮೊದಲನೆಯ ಬಾಗಿಲನ್ನೇ ತಟ್ಟುತ್ತಾರೆ. ನಾವೂ ಅಲ್ಲಿಂದಲೇ ಆರಂಭಿಸೋಣ.

ಎಂಜಿನಿನ ಬಾಗಿಲು

ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಹಿಂದಿನ ಕಾರುಗಳಲ್ಲಿ ಈ ಮಿಶ್ರಣವನ್ನು ಕಾರ್ಬ್ಯುರೇಟರ್ ಸಿದ್ಧಪಡಿಸುತ್ತಿತ್ತು. ಫಿಲ್ಟರಿಗೆ ದೂಳು ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ, ಪೆಟ್ರೋಲಿನ ಪಾಲು ಹೆಚ್ಚಿ, ಕಪ್ಪು ಹೊಗೆ ಬರುತ್ತಿತ್ತು. ಫಿಲ್ಟರನ್ನು ಶುದ್ಧಗೊಳಿಸಿದರೆ ಖರ್ಚು ಇಳಿಯುತ್ತಿತ್ತು. ಹಿರಿಯ ಚಾಲಕರು ಈಗಲೂ ಮೊದಲು ಫಿಲ್ಟರಿಗೆ ಕೈಹಾಕುವುದು ಆ ಅನುಭವದಿಂದ.

ಈಗಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಒಂದು ಪುಟ್ಟ ಕಂಪ್ಯೂಟರು ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲನ್ನು ಸಿಂಪಡಿಸುತ್ತದೆ. ಹೊಗೆಯ ಕೊಳವೆಯಲ್ಲಿರುವ ಆಮ್ಲಜನಕ ಸಂವೇದಕವು ಅದರ ಕಣ್ಣು. ಬಾಷ್ ಸಂಸ್ಥೆಯು ರೂಪಿಸಿದ ಈ ಸಾಧನವು 1976ರಲ್ಲಿ ಮೊದಲು ಸ್ವೀಡನ್ನಿನ ವೋಲ್ವೋ ಕಾರುಗಳಲ್ಲಿ ಬಳಕೆಗೆ ಬಂದಿತು. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದ್ದರೆ ಇದು ಸುಮಾರು 0.1 ವೋಲ್ಟನ್ನೂ, ಮಿಕ್ಕಿಲ್ಲದಿದ್ದರೆ ಸುಮಾರು 0.9 ವೋಲ್ಟನ್ನೂ ತೋರಿಸುತ್ತದೆ. ಅದನ್ನು ಓದಿ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚುಕಡಮೆ ಮಾಡುತ್ತದೆ. ಫಿಲ್ಟರು ಕಟ್ಟಿಕೊಂಡರೆ ಗಾಳಿಯೊಡನೆ ಪೆಟ್ರೋಲೂ ಕಡಿಮೆಯಾಗುತ್ತದೆ. ಕಾರಿನ ಜಿಗಿತ ಕುಗ್ಗುತ್ತದೆ, ಆದರೆ ಇಂಧನದ ಖರ್ಚು ಅಷ್ಟಾಗಿ ಏರುವುದಿಲ್ಲ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಶಾಲೆಯು 2009ರಲ್ಲಿ ಪ್ರಕಟಿಸಿದ ಪರೀಕ್ಷೆಗಳೂ ಇದನ್ನೇ ತೋರಿಸಿದವು. ಮಿತ್ರರ ಹೊಸ ಫಿಲ್ಟರು ಏಕೆ ಫಲ ಕೊಡಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಈಗಿನ ಎಂಜಿನಿನಲ್ಲಿ ಯಾವುದು ಕೆಟ್ಟರೆ ಖರ್ಚು ಏರುತ್ತದೆ? ಮುಖ್ಯವಾಗಿ ಮೂರು. ಮೊದಲನೆಯದು, ಆಮ್ಲಜನಕ ಸಂವೇದಕ. ಅದು ಮುಪ್ಪಾಗಿ ತಪ್ಪು ಸಂಖ್ಯೆಯನ್ನು ಹೇಳಿದರೆ ಕಂಪ್ಯೂಟರು ಅದನ್ನು ನಂಬಿ ಹೆಚ್ಚು ಪೆಟ್ರೋಲನ್ನು ಸುರಿಯುತ್ತದೆ. ಎರಡನೆಯದು, ಥರ್ಮೋಸ್ಟಾಟ್. ಎಂಜಿನಿನ ನೀರು ಸುಮಾರು 80 ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಏರುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ಕವಾಟ ಇದು. ಒಳಗಿರುವ ಮೇಣ ಕರಗಿ ಹಿಗ್ಗಿದಾಗ ತೆರೆದುಕೊಳ್ಳುತ್ತದೆ. ಇದು ತೆರೆದೇ ನಿಂತುಬಿಟ್ಟರೆ ಎಂಜಿನು ತಣ್ಣಗೆಯೇ ಉಳಿಯುತ್ತದೆ. ಎಂಜಿನು ಇನ್ನೂ ಬಿಸಿಯಾಗಿಲ್ಲವೆಂದು ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಿಸುತ್ತದೆ. ಮೂರನೆಯದು, ಕಿಡಿ ತಪ್ಪುವುದು. ಒಂದು ಸಿಲಿಂಡರಿನಲ್ಲಿ ಕಿಡಿ ಹಾರದಿದ್ದರೆ ಉರಿಯದ ಪೆಟ್ರೋಲು ಹೊಗೆಯ ಕೊಳವೆಗೆ ಹೋಗಿ ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಆ ಶಾಖಕ್ಕೆ ಬೆಲೆಬಾಳುವ ಆ ಭಾಗ ಕರಗಿಯೂ ಹೋಗಬಹುದು. ಎಂಜಿನು ನಡುಗುತ್ತಿದ್ದು ಎದುರಿನ ಎಂಜಿನ್ ದೀಪ ಮಿನುಗುತ್ತಿದ್ದರೆ ಕಾರನ್ನು ಮುಂದೆ ಓಡಿಸಬಾರದು.

ಇವುಗಳಲ್ಲಿ ಬಹುಪಾಲನ್ನು ಕಂಪ್ಯೂಟರು ತಾನೇ ಗುರುತಿಸಿ, ದೀಪ ಹೊತ್ತಿಸಿ, ದೋಷದ ಸಂಖ್ಯೆಯನ್ನು ನೆನಪಿನಲ್ಲಿಡುತ್ತದೆ. ಗ್ಯಾರೇಜಿನ ಸ್ಕ್ಯಾನರನ್ನು ಜೋಡಿಸಿ ಅದನ್ನು ಓದಬಹುದು. ಮಿತ್ರರ ಕಾರಿನಲ್ಲಿ ದೀಪ ಹೊತ್ತಿರಲಿಲ್ಲ. ಸ್ಕ್ಯಾನರಿನಲ್ಲಿ ದೋಷದ ಸಂಖ್ಯೆ ಇರಲಿಲ್ಲ. ನೀರಿನ ಉಷ್ಣತೆ ಸರಿಯಾಗಿತ್ತು. ಸಂವೇದಕದ ವೋಲ್ಟೇಜು ಮೇಲೆ ಕೆಳಗೆ ಆಡುತ್ತಿತ್ತು, ಅಂದರೆ ಅದು ಎಚ್ಚರವಾಗಿತ್ತು. “ಎಲ್ಲವೂ ಸರಿಯಾಗಿದೆ” ಎಂದು ಗ್ಯಾರೇಜಿನವರು ಹೇಳಿದುದು ಸುಳ್ಳಲ್ಲ. ಆದರೆ ಆ ಕಂಪ್ಯೂಟರಿಗೆ ಕಾಣುವುದು ಎಂಜಿನು ಮಾತ್ರ. ಗಾಲಿಯ ಬಳಿ ನಡೆಯುವುದನ್ನೆಲ್ಲ ನೋಡಲು ಅದಕ್ಕೆ ಕಣ್ಣಿಲ್ಲ.

ಗಾಲಿಯ ಬಾಗಿಲು

ಗಾಲಿಗಳು ಹೆಚ್ಚು ಕೆಲಸವನ್ನು ಬೇಡಲು ಕಾರಣಗಳು ಹಲವು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ರಬ್ಬರು ಹೆಚ್ಚು ಮಡಿಸಿ ಬಿಚ್ಚುತ್ತ ಶಾಖವನ್ನು ಹುಟ್ಟಿಸುತ್ತದೆ. ಮೇಲೆ ಸಾಮಾನಿನ ಚೌಕಟ್ಟನ್ನು ಕಟ್ಟಿದರೆ ವೇಗದಲ್ಲಿ ಗಾಳಿಯ ತಡೆ ಹೆಚ್ಚುತ್ತದೆ. ಗಾಲಿಗಳ ಅಲೈನ್‌ಮೆಂಟ್ ತಪ್ಪಿದರೆ ಟೈರು ಉರುಳುವುದರ ಜೊತೆಗೆ ಪಕ್ಕಕ್ಕೆ ಉಜ್ಜುತ್ತದೆ. ಕ್ಲಚ್ಚು ಜಾರುತ್ತಿದ್ದರೆ ಎಂಜಿನು ವೇಗವಾಗಿ ತಿರುಗಿದರೂ ಕಾರು ಅದಕ್ಕೆ ತಕ್ಕಂತೆ ಮುಂದೆ ಹೋಗುವುದಿಲ್ಲ. ಇನ್ನೊಂದು ಕಾರಣ, ಕಾಲು ತೆಗೆದ ಮೇಲೂ ಬಿಡದೆ ಹಿಡಿದುಕೊಂಡಿರುವ ಬ್ರೇಕು.

ಎಂಜಿನಿನ ದೋಷವನ್ನೂ ಗಾಲಿಯ ದೋಷವನ್ನೂ ಬೇರ್ಪಡಿಸಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಲ್ಲಿ ಗೇರನ್ನು ನ್ಯೂಟ್ರಲಿಗೆ ತಂದು ಕಾರನ್ನು ತನ್ನಷ್ಟಕ್ಕೆ ಬಿಡಬೇಕು. ಎಂಜಿನನ್ನು ಮಾತ್ರ ಆರಿಸಬಾರದು, ಆರಿಸಿದರೆ ಬ್ರೇಕೂ ಸ್ಟಿಯರಿಂಗೂ ಬಿಗಿಯಾಗುತ್ತವೆ. ಇಳಿಜಾರಿನ ಮತ್ತು ಗಾಳಿಯ ಪ್ರಭಾವ ಕಳೆಯಲು ಎರಡು ದಿಕ್ಕುಗಳಲ್ಲಿಯೂ ಮಾಡಬೇಕು. ಆರೋಗ್ಯವಂತ ಕಾರು ನಿಧಾನವಾಗಿ ಬಹುದೂರ ಉರುಳುತ್ತದೆ. ಏನೋ ಹಿಡಿದಿರುವ ಕಾರು ಬೇಗ ನಿಲ್ಲುತ್ತದೆ.

ನಾವು ಮಿತ್ರರೊಡನೆ ಮುಂಜಾನೆ ಈ ಪರೀಕ್ಷೆಯನ್ನು ಮಾಡಿದೆವು. ಅದೇ ಮಾದರಿಯ ನೆರೆಯವರ ಕಾರು ಉರುಳಿದ ದೂರದ ಮೂರನೆಯ ಎರಡು ಪಾಲು ಸಹ ಇವರ ಕಾರು ಉರುಳಲಿಲ್ಲ. ಮೇಲಾಗಿ ಅದು ತುಸು ಬಲಕ್ಕೆ ಎಳೆಯುತ್ತಿತ್ತು. “ರಸ್ತೆಯ ಓರೆಯೆಂದು ಎಣಿಸಿದ್ದೆ” ಎಂದರು ಮಿತ್ರರು. ಟೈರುಗಳ ಗಾಳಿ ಸರಿಯಾಗಿತ್ತು. ಬ್ರೇಕನ್ನು ಆದಷ್ಟು ಕಡಿಮೆ ತುಳಿದು ಹತ್ತು ಕಿಲೋಮೀಟರ್ ಓಡಿಸಿ, ಇಳಿದು, ಒಂದೊಂದು ಗಾಲಿಯ ಬಳಿಗೂ ಅಂಗೈಯ ಹಿಂಬದಿಯನ್ನು ಒಯ್ದು ನೋಡಿದೆವು. ಮೂರು ಗಾಲಿಗಳು ಬೆಚ್ಚಗಿದ್ದವು. ಮುಂದಿನ ಬಲಗಡೆಯ ಗಾಲಿಗೆ ಒಂದು ಗೇಣು ದೂರದಿಂದಲೇ ಝಳ ಹೊಡೆಯುತ್ತಿತ್ತು, ಸುಟ್ಟ ವಾಸನೆಯೂ ಇತ್ತು. ಇಂತಹ ಗಾಲಿಯನ್ನು ಮುಟ್ಟಬಾರದು, ಚರ್ಮ ಸುಡುತ್ತದೆ.

ಕಳೆದುಹೋದ ಪೆಟ್ರೋಲು ಅಲ್ಲಿ ಸಿಕ್ಕಿತು. ಲೆಕ್ಕ ಸರಿಹೊಂದುವುದೇ ನೋಡೋಣ. ಕಿಲೋಮೀಟರಿಗೆ 0.43 ಮೆಗಾಜೂಲ್ ಹೆಚ್ಚು ಖರ್ಚಾಗುತ್ತಿತ್ತಷ್ಟೆ. ಅದರ ನಾಲ್ಕನೆಯ ಒಂದು ಪಾಲು, ಅಂದರೆ ಸುಮಾರು 1,08,000 ಜೂಲ್ ಗಾಲಿಗೆ ತಲುಪುತ್ತದೆ. ಅದನ್ನು 1000 ಮೀಟರಿನಿಂದ ಭಾಗಿಸಿದರೆ 108 ನ್ಯೂಟನ್ ತಡೆ ಎಂದಾಯಿತು. ಇದು 11 ಕಿಲೋಗ್ರಾಂ ಮೂಟೆಯ ತೂಕಕ್ಕೆ ಸಮ. ಒಂದು ಟನ್ ತೂಕದ ಕಾರಿನ ನಾಲ್ಕೂ ಟೈರುಗಳು ಒಳ್ಳೆಯ ರಸ್ತೆಯಲ್ಲಿ ಒಡ್ಡುವ ತಡೆಯೂ ಹೆಚ್ಚುಕಡಮೆ ಇಷ್ಟೆ. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಒಂದು ಕಿಲೋಮೀಟರಿಗೆ 80 ಸೆಕೆಂಡು ಹಿಡಿಯುತ್ತದೆ. 1,08,000ವನ್ನು 80ರಿಂದ ಭಾಗಿಸಿದರೆ 1,350 ವಾಟ್. ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆ ಸಾಮಾನ್ಯವಾಗಿ 1,000 ವಾಟಿನದು. ಅದಕ್ಕಿಂತ ಹೆಚ್ಚಿನ ಶಾಖವು ಒಂದೇ ಗಾಲಿಯೊಳಗೆ ಬಿಡುವಿಲ್ಲದೆ ಹುಟ್ಟುತ್ತಿತ್ತು. ಝಳ ಹೊಡೆದುದರಲ್ಲಿ ಆಶ್ಚರ್ಯವೇನು?

ಘಾಟಿಯ ಅಪಾಯ

ಇಲ್ಲಿಯವರೆಗೆ ಮಾತು ಹಣದ್ದಾಗಿತ್ತು. ಆದರೆ ಅವರು ಮರುವಾರ ಘಾಟಿ ಇಳಿಯುವವರಿದ್ದರು. ಸಕಲೇಶಪುರವು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಜನರು ಕುಳಿತ ಕಾರು 1,200 ಕಿಲೋಗ್ರಾಂ ತೂಗುತ್ತದೆಂದೂ 700 ಮೀಟರ್ ಇಳಿಯುತ್ತದೆಂದೂ ಇಟ್ಟುಕೊಂಡರೆ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 8 ಮೆಗಾಜೂಲ್. ಅದರ ಬಹುಭಾಗವು ಬ್ರೇಕುಗಳಲ್ಲಿಯೇ ಶಾಖವಾಗಬಹುದು. ಮೊದಲೇ ಇಸ್ತ್ರಿಪೆಟ್ಟಿಗೆಯಂತೆ ಕಾದಿರುವ ಬ್ರೇಕಿಗೆ ಇದೂ ಸೇರಿದರೆ?

ನಾವು ಬ್ರೇಕ್ ಆಯಿಲ್ ಎನ್ನುವ ದ್ರವದ ಮೂಲಕ ಕಾಲಿನ ಒತ್ತಡ ಗಾಲಿಗಳಿಗೆ ತಲುಪುತ್ತದೆ. ಡಾಟ್ 3 ದರ್ಜೆಯ ದ್ರವವು ಹೊಸದಾಗಿರುವಾಗ ಅದರ ಕುದಿಯುವ ಬಿಂದು 205 ಡಿಗ್ರಿಗೆ ಕಡಿಮೆಯಿರಬಾರದೆಂದು ನಿಯಮವಿದೆ. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ತೇವ ಹೀರಿದ ದ್ರವಕ್ಕೆ ಅದೇ ನಿಯಮದ ಕನಿಷ್ಠ ಮಿತಿ 140 ಡಿಗ್ರಿ. ದ್ರವವು ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವು ಒತ್ತಿದರೆ ಕುಗ್ಗುವುದಿಲ್ಲ, ಆವಿಯು ಕುಗ್ಗುತ್ತದೆ. ಆಗ ತುಳಿದ ಪೆಡಲು ನೆಲ ಮುಟ್ಟಿದರೂ ಬ್ರೇಕು ಹಿಡಿಯುವುದಿಲ್ಲ. ಹಿಡಿದುಕೊಂಡಿರುವ ಬ್ರೇಕೇ ಕೊನೆಗೆ ಹಿಡಿಯದೆ ಹೋಗುವ ವಿಪರೀತ ಹೀಗೆ ಉಂಟಾಗುತ್ತದೆ.

ರಿಪೇರಿ

ಕಾರನ್ನು ಗ್ಯಾರೇಜಿಗೆ ತಂದು ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಲು ಪ್ರಯತ್ನಿಸಿದಾಗ ಅದು ಅಲುಗಲೊಲ್ಲದು. ಗಾಲಿ ಬಿಚ್ಚಿದ ಮೆಕ್ಯಾನಿಕ್, “ಮೇಷ್ಟ್ರೇ, ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಇದೆ ನೋಡಿ” ಎಂದನು. ಡಿಸ್ಕ್ ಬ್ರೇಕಿನಲ್ಲಿ ಕ್ಯಾಲಿಪರ್ ಎಂಬ ಭಾಗವು ಎರಡು ಪಿನ್ನುಗಳ ಮೇಲೆ ಜಾರುತ್ತ, ಡಿಸ್ಕನ್ನು ಎರಡು ಪಕ್ಕಗಳಿಂದ ಹಿಡಿದು ಬಿಡುತ್ತದೆ. ಪಿನ್ನಿನ ರಬ್ಬರು ಹರಿದು, ನೀರು ಹೊಕ್ಕು, ತುಕ್ಕು ಹಿಡಿದಿತ್ತು. ಆದುದರಿಂದ ಕ್ಯಾಲಿಪರ್ ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಪಿನ್ನುಗಳನ್ನೂ ರಬ್ಬರುಗಳನ್ನೂ ಬದಲಾಯಿಸಿ, ಬ್ರೇಕಿಗೆಂದೇ ಇರುವ ಗ್ರೀಸನ್ನು ಹಚ್ಚಿ, ಮುಂದಿನ ಎರಡೂ ಗಾಲಿಗಳಿಗೆ ಹೊಸ ಪ್ಯಾಡುಗಳನ್ನು ಹಾಕಿ, ಹಳೆಯ ದ್ರವವನ್ನು ತೆಗೆದು ಹೊಸದನ್ನು ತುಂಬಿದರು. ಸಾಮಾನ್ಯ ಗ್ರೀಸು ಇಲ್ಲಿ ಸಲ್ಲದು, ಅದು ರಬ್ಬರನ್ನು ಉಬ್ಬಿಸುತ್ತದೆ. ಬ್ರೇಕಿನ ಈ ಕೆಲಸವನ್ನು ಬಲ್ಲವರೇ ಮಾಡಬೇಕು. ದೋಷವನ್ನು ಕಂಡುಹಿಡಿಯುವುದು ಮಾತ್ರ ಯಾರಿಗಾದರೂ ಸಾಧ್ಯ.

ಮಂಗಳೂರಿನ ಮದುವೆಗೆ ಅವರು ಅದೇ ಕಾರಿನಲ್ಲಿ ಹೋಗಿ ಬಂದರು. ಘಾಟಿಯನ್ನು ಕೆಳಗಿನ ಗೇರಿನಲ್ಲಿಯೇ ಇಳಿದರು; ಆಗ ಎಂಜಿನೇ ತಡೆಯಾಗಿ ನಿಂತು ಬ್ರೇಕಿನ ಹೊರೆಯನ್ನು ಹಗುರ ಮಾಡುತ್ತದೆ. ಬಂದ ಮೇಲೆ ಶಾಲೆಯ ದಾರಿಯಲ್ಲಿಯೇ ಎರಡು ಟ್ಯಾಂಕು ಅಳೆದು ನೋಡಿದರು. ಲೆಕ್ಕವು ಹದಿನಾರರ ಸಮೀಪಕ್ಕೆ ಮರಳಿತ್ತು.

ಓದುಗರು ನೆನಪಿನಲ್ಲಿಡಬೇಕಾದ ಕ್ರಮ ಇಷ್ಟು: ಮೊದಲು ಅಳೆಯಿರಿ. ಇಳಿಕೆಯ ಪ್ರಮಾಣಕ್ಕೂ ನೀವು ಎಣಿಸಿದ ಕಾರಣದ ಪ್ರಮಾಣಕ್ಕೂ ತಾಳೆಯಾಗುವುದೇ ಎಂದು ಲೆಕ್ಕ ಹಾಕಿ. ದೋಷವು ಎಂಜಿನಿನಲ್ಲಿಯೋ ಗಾಲಿಯಲ್ಲಿಯೋ ಎಂಬುದನ್ನು ಬೇರ್ಪಡಿಸಿ. ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಮತ್ತೆ ಅಳೆಯಿರಿ. ನಮ್ಮ ಮಿತ್ರರು ಈಗ ಕಾರಿನಲ್ಲಿ ಒಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಂಡು, ಪ್ರತಿ ಸಲ ಪೆಟ್ರೋಲು ಹಾಕಿಸಿದಾಗ ಲೀಟರು, ಕಿಲೋಮೀಟರು, ತಾರೀಖು ಇವುಗಳನ್ನು ಬರೆಯುತ್ತಾರೆ. ಹತ್ತನೆಯ ತರಗತಿಯ ತಮ್ಮ ವಿದ್ಯಾರ್ಥಿಗಳಿಗೆ ಶಕ್ತಿ ಸಂರಕ್ಷಣಾ ನಿಯಮವನ್ನು ಕಲಿಸುವ ದಿನ ಆ ಪುಸ್ತಕವನ್ನೂ ತರಗತಿಗೆ ಕೊಂಡೊಯ್ಯುತ್ತಾರಂತೆ.